ನಿಂತ ಗಾಡಿಯ ಹ್ಯಾಂಡ್‌ಬ್ರೇಕ್

ಬೈಲಹೊಂಗಲದ ನನ್ನ ಡ್ರೈವಿಂಗ್ ಸ್ಕೂಲಿಗೆ ಸೇರಿದವರಿಗೆ ಮೊದಲ ದಿನ ಗಾಡಿ ಓಡಿಸಲು ಕೊಡುವುದಿಲ್ಲ. ನಿಲ್ಲಿಸುವುದನ್ನು ಕಲಿಸುತ್ತೇನೆ. ಓಡಿಸಲು ಬೇಕಾದ ಧೈರ್ಯ ಊರ ತುಂಬ ಬಿದ್ದಿದೆ, ಅದಕ್ಕೆ ನನ್ನ ಅಗತ್ಯವಿಲ್ಲ. ನಿಲ್ಲಿಸಲು ಹೆದರಿಕೆ ಬೇಕು. ಅದು ನನ್ನ ಹತ್ತಿರ ಬೇಕಾದಷ್ಟಿದೆ.

ಗಾಡಿ ನಿಂತ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಬೇಕು, ಗೇರಿನಲ್ಲಿ ಬಿಡಬೇಕು, ಇಳಿದು ಗಾಲಿಗೆ ಕಲ್ಲು ಕೊಡಬೇಕು. ಸಪಾಟು ರಸ್ತೆಯಲ್ಲೂ ಕಲ್ಲು ಯಾಕೆ ಎಂದು ಕೇಳಿದವರು ನನ್ನಿಂದ ಬೈಸಿಕೊಂಡಿದ್ದಾರೆ. ಆ ಕಲ್ಲು, ಎರಡು ಕೈಯಲ್ಲಿ ಎತ್ತಬೇಕಾದಂಥ ಒಂದು ಕರಿಕಲ್ಲು, ನನ್ನ ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಇರುತ್ತದೆ. ಕಲಿಯಲು ಬರುವ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಕಲ್ಲು ಮೇಡಂ ಅನ್ನುತ್ತಾರೆ. ಅನ್ನಲಿ.

ಕಲಿಸುವವಳು ಎಡಗಡೆ ಕೂರುತ್ತಾಳೆ. ಹಾಗಾಗಿ ಹ್ಯಾಂಡ್‌ಬ್ರೇಕ್ ನನ್ನ ಬಲಗೈಗೆ ಸಿಗುತ್ತದೆ. ಇಪ್ಪತ್ತು ವರ್ಷಗಳಿಂದ ಆ ಕೈ ಅಲ್ಲೇ ಕಾಯುತ್ತ ಕೂತಿದೆ. ಕಲಿಯುವವರು ಎಳೆಯಲು ಮರೆತರೆ ನಾನು ಎಳೆಯುತ್ತೇನೆ, ಮರೆಯದೆ ಎಳೆದರೆ ಅದರ ಮೇಲೆ ಇನ್ನೊಂದು ಹಲ್ಲು ಕಟ್ಟೆನ್ನುವಂತೆ ಎಳೆಯುತ್ತೇನೆ. ಮನೆಯಲ್ಲಿ ಟಿವಿ ನೋಡುತ್ತ ತೂಕಡಿಸುವಾಗಲೂ ಈ ಕೈ ಕುರ್ಚಿಯ ಪಕ್ಕದಲ್ಲಿ ಏನನ್ನೋ ಎಳೆಯುತ್ತಿರುತ್ತದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಹೋದ ವರ್ಷ ಇದೇ ಕೈ ನನ್ನ ತಮ್ಮನ ಜೀವ ತೆಗೆಯುವುದರಲ್ಲಿತ್ತು. ಅದನ್ನು ಬರೆಯಲು ಈಗ ಕೂತಿದ್ದೇನೆ. ಬರೆಯುತ್ತಿರುವುದೂ ಅದೇ ಕೈ.

ಈ ಹೆದರಿಕೆ ಎಲ್ಲಿಂದ ಬಂತು ಎನ್ನುವುದನ್ನು ಮೊದಲು ಹೇಳಬೇಕು. ನಮ್ಮಪ್ಪ ಬಾಡಿಗೆ ಜೀಪು ಓಡಿಸುತ್ತಿದ್ದ. ಸವದತ್ತಿಯಿಂದ ಎಲ್ಲಮ್ಮನ ಗುಡ್ಡಕ್ಕೆ, ಗುಡ್ಡದಿಂದ ಕೆಳಗೆ. ಗಿರಾಕಿ ಸಿಕ್ಕರೆ ರಾಮದುರ್ಗಕ್ಕೆ, ಅಲ್ಲಿಂದ ತೊರಗಲ್ಲಿಗೂ ಹೋಗುವುದಿತ್ತು. ಆ ಕಾಲದ ಜೀಪಿನವರಿಗೆಲ್ಲ ಒಂದು ಚಟ. ಗುಡ್ಡ ಇಳಿಯುವಾಗ ಇಂಜಿನ್ ಬಂದ್ ಮಾಡಿ, ಗೇರು ತೆಗೆದು, ಗಾಡಿಯನ್ನು ಅದರ ಪಾಡಿಗೆ ಬಿಡುತ್ತಿದ್ದರು. "ತಾನಾಗೇ ಇಳಿಯೂ ಗಾಡಿಗೆ ಎಣ್ಣಿ ಯಾಕ ಸುಡಬೇಕು?" ಎಂದು ಎಲ್ಲರದೂ ಒಂದೇ ಮಾತು. ಹಾಗೆ ಇಳಿಸುವವನು ಜಾಣ. ಗೇರಿನಲ್ಲಿ ಗುರ್ರೆನ್ನಿಸುತ್ತ ಇಳಿಸುವವನು ಅಂಜುಬುರುಕ. ಅಪ್ಪ ಜಾಣರಲ್ಲಿ ಜಾಣ.

ನನಗೆ ಆಗ ಹತ್ತು ವರ್ಷ, ತಮ್ಮನಿಗೆ ಮೂರು. ಸಾಲಿ ರಜೆ ಇತ್ತೋ ಏನೋ, ಅಪ್ಪ ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡಿದ್ದ. ತಮ್ಮ ನನ್ನ ತೊಡೆಯ ಮೇಲೆ. ಹಿಂದೆ ಕೂತವರು ಎಷ್ಟೋ, ಜೋತುಬಿದ್ದವರು ಎಷ್ಟೋ. ಅಪ್ಪ ಇಂಜಿನ್ ಬಂದ್ ಮಾಡಿದ. ಆಮೇಲಿನ ಆ ಸದ್ದಿಲ್ಲದ ಇಳಿತ ನನಗೆ ಬಹಳ ಇಷ್ಟ. ಗಾಳಿ ಮತ್ತು ಟೈರಿನ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಎರಡನೇ ತಿರುವಿನಲ್ಲಿ ಬಟ್ಟೆ ಸುಟ್ಟಂಥ ವಾಸನೆ ಬಂತು. ಅಪ್ಪನ ಬಲಗಾಲು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತಿತ್ತು. ಆಮೇಲೆ ಪೆಡಲ್ ಪೂರಾ ಒಳಗೆ ಹೋಗಿ ಅವನ ಚಪ್ಪಲಿ ತಗಡಿಗೆ ತಾಗಿದ್ದು ನನಗೆ ಕಾಣಿಸಿತು. ಜೀಪು ಮಾತ್ರ ನಿಲ್ಲಲಿಲ್ಲ, ಇನ್ನೂ ಜೋರಾಯಿತು. ಅಪ್ಪ ಹ್ಯಾಂಡ್‌ಬ್ರೇಕನ್ನು ಜೀವ ಬಿಟ್ಟು ಎಳೆದ. ಹಿಂದೆ ಯಾರೋ ತಾಯೇ ಎಂದು ಕೂಗಿದರು. ರಸ್ತೆ ರಿಪೇರಿಗೆಂದು ಬದಿಗೆ ಸುರಿದಿದ್ದ ಮರಮ್ಮಿನ, ಅಂದರೆ ಕೆಂಪು ಗರಸಿನ, ಗುಡ್ಡೆಗೆ ಅಪ್ಪ ಜೀಪನ್ನು ನುಗ್ಗಿಸಿದ.

ಯಾರೂ ಸಾಯಲಿಲ್ಲ. ಹಿಂದೆ ಕೂತಿದ್ದ ಒಬ್ಬ ಮುದುಕಿಯ ಕೈ ಮುರಿಯಿತು. ತಮ್ಮನ ಹುಬ್ಬು ಎದುರಿನ ಸರಳಿಗೆ ಬಡಿದು ಸೀಳಿತು, ರಕ್ತ ನನ್ನ ಲಂಗದ ಮೇಲೆಲ್ಲ ಸುರಿಯಿತು. ಅಪ್ಪ ಇಳಿದವನೇ "ಕಲ್ಲು ತಾ! ಲಗೂನ ಕಲ್ಲು ತಾ!" ಎಂದು ನನ್ನ ಮೇಲೆ ಚೀರಿದ. ಜೀಪಿನ ಮೂತಿ ದೀಪದವರೆಗೂ ಮರಮ್ಮಿನಲ್ಲಿ ಹೂತಿತ್ತು. ಅದು ಎಲ್ಲಿಗೂ ಹೋಗುವಂತಿರಲಿಲ್ಲ. ಆದರೂ ನಾನು ಓಡಿಹೋಗಿ ಒಂದು ಕರಿಕಲ್ಲು ಹೊತ್ತು ತಂದೆ. ಅಪ್ಪ ಅದನ್ನು ಗಾಲಿಗೆ ಕೊಟ್ಟು, ಎರಡು ಸಲ ಒದ್ದು ಗಟ್ಟಿ ಮಾಡಿ, ಆಮೇಲೆ ರಸ್ತೆಯ ಮೇಲೇ ಕೂತು ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಅಪ್ಪ ಜಾಣತನ ಬಿಟ್ಟ. ಗುಡ್ಡ ಏರಿದ ಗೇರಿನಲ್ಲೇ ಗುಡ್ಡ ಇಳಿಯತೊಡಗಿದ. ನಿಂತಲ್ಲೆಲ್ಲ ಹ್ಯಾಂಡ್‌ಬ್ರೇಕ್, ನಿಂತಲ್ಲೆಲ್ಲ ಆ ಕಲ್ಲು. ಉಳಿದ ಜೀಪಿನವರು ನಕ್ಕರು. ನಗಲಿ ಎಂದು ಅಪ್ಪ ಕಲ್ಲು ಕೊಡುತ್ತಲೇ ಹೋದ. ನನಗೆ ಗಾಡಿ ಕಲಿಸಿದ್ದೂ ಹಾಗೆಯೇ. ಅವನು ತೀರಿಕೊಂಡ ಮೇಲೆ ಜೀಪು ಗುಜರಿಗೆ ಹೋಯಿತು, ಕಲ್ಲು ನನ್ನ ಹತ್ತಿರ ಉಳಿಯಿತು.

ತಮ್ಮನಿಗೆ ಇದು ಯಾವುದೂ ನೆನಪಿಲ್ಲ. ಮೂರು ವರ್ಷದವನಿಗೆ ಏನು ನೆನಪಿರುತ್ತದೆ? ಹುಬ್ಬಿನ ಮೇಲೆ ಕೂದಲು ಬೆಳೆಯದ ಒಂದು ಗೆರೆ ಉಳಿಯಿತು, ಅಷ್ಟೆ. ಇಬ್ಬರ ಪಾಲಿನ ಹೆದರಿಕೆಯೂ ನನಗೇ ಬಂದಿತ್ತು ಎಂದು ಕಾಣುತ್ತದೆ. ಅವನು ಯಾವುದಕ್ಕೂ ಹೆದರದೆ ಬೆಳೆದ. ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕ ಗಾಡಿ ಬಿಡಿಭಾಗಗಳ ಅಂಗಡಿ ಹಾಕಿಕೊಂಡ. ಮದುವೆಯಾಗಿ, ಮಗಳಾಗಿ, ಇನ್ನು ಗಂಭೀರನಾಗುತ್ತಾನೆ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಪುಣೆಯ ಕಡೆಯಿಂದ ಒಂದು ಸ್ಪೋರ್ಟ್ಸ್ ಕಾರು ತಂದ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಎತ್ತರ, ಅಪಘಾತವಾಗಿ ಮುಂಭಾಗ ಜಜ್ಜಿಹೋಗಿತ್ತು. ಅದನ್ನು ನೇಸರಗಿಯ ಚಾಚಾನ ಗ್ಯಾರೇಜಿಗೆ ಹಾಕಿದ.

ಚಾಚಾ ಅಪ್ಪನ ಗೆಳೆಯ. ಅಂದು ಮರಮ್ಮಿನಿಂದ ಎಳೆದು ತಂದ ಜೀಪನ್ನು ಮತ್ತೆ ರಸ್ತೆಗೆ ಇಳಿಸಿದ್ದು ಅವನೇ. ಎಪ್ಪತ್ತರ ಹತ್ತಿರ ಬಂದರೂ ಗಾಡಿಯ ಕೆಳಗೆ ತೂರಿಕೊಂಡರೆ ಮಧ್ಯಾಹ್ನದ ನಮಾಜಿಗೇ ಹೊರಗೆ ಬರುವವನು. ತಮ್ಮ ಮತ್ತು ಚಾಚಾ ಸೇರಿ ಎಂಟು ತಿಂಗಳು ಆ ಕಾರಿನ ಸೇವೆ ಮಾಡಿದರು. ಊರ ಮಕ್ಕಳು ಅದಕ್ಕೆ ಕಪ್ಪೆ ಗಾಡಿ ಎಂದು ಹೆಸರಿಟ್ಟರು. ನಾನು ಅದನ್ನು ಹಾಗೆ ಕರೆಯಲೂ ಇಲ್ಲ, ಮುಟ್ಟಲೂ ಇಲ್ಲ.

ಕಿತ್ತೂರು ದಾಟಿ ಹೆದ್ದಾರಿಯಿಂದ ಒಳಗೆ, ಇಳಿಜಾರು ಜಾಗದಲ್ಲಿ, ಯಾರೋ ಉಳ್ಳವರು ಇಂಥ ಕಾರುಗಳಿಗೆಂದೇ ಒಂದು ಟ್ರ್ಯಾಕ್ ಹಾಕಿಸಿದ್ದರು. ಭಾನುವಾರ ಅಲ್ಲಿಗೆ ಹೋಗುತ್ತೇನೆ ಎಂದು ತಮ್ಮ ಹೇಳಿದ ದಿನ ನಾನು ಜಗಳ ತೆಗೆದೆ.

"ಅಲ್ಲಿ ಎದುರಿಗೆ ಟ್ರ್ಯಾಕ್ಟರ್ ಬರಂಗಿಲ್ಲ, ಎಮ್ಮಿ ಅಡ್ಡ ಬರಂಗಿಲ್ಲ ಅಕ್ಕಾ. ರಸ್ತೆಕಿಂತ ಅದ ಚಲೋ."

"ಅಷ್ಟ ಚಲೋ ಇದ್ರ ಹೆಲ್ಮೆಟ್ ಯಾಕ ಹಾಕ್ಕೊತೀರಿ?"

ಅವನು ನಕ್ಕ. ಅವನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ನನ್ನ ಕೈ ಹಿಡಿದಳು. "ಅಕ್ಕಾರ, ನಾ ಹೇಳಿದ್ರ ಇವರು ಕೇಳಂಗಿಲ್ಲ. ನೀವರ ಜೋಡಿ ಹೋಗ್ರಿ. ನೀವಿದ್ರ ನನಗ ಧೈರ್ಯ." ನನ್ನಿಂದ ಧೈರ್ಯ ಸಿಗುತ್ತದೆ ಎಂದವಳು ಅವಳೊಬ್ಬಳೇ. ಆ ಮಾತಿಗೆ ಬಿದ್ದು ಹೂಂ ಅಂದೆ.

ಶನಿವಾರ ಸಂಜೆ ನೇಸರಗಿಗೆ ಹೋದೆವು. ಚಾಚಾ ನಮ್ಮನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದ. ನಾನು ಮಾಡುವ ಪಾಠವನ್ನು ಇನ್ನೊಬ್ಬರ ಬಾಯಿಂದ ಕೇಳುವುದು ನನಗೆ ಆಗಿಬರುವುದಿಲ್ಲ. ಆದರೂ ಕೇಳಿದೆ.

"ಹಳೇ ಬ್ರೇಕ್ ಆಯಿಲ್ ಪೂರಾ ತಗದು ಹೊಸಾದು ಹಾಕೇನಿ. ಹಳೇದು ಗಾಳ್ಯಾಗಿನ ನೀರು ಕುಡದಿರತೈತಿ, ಲಗೂ ಕುದೀತೈತಿ. ಕುದ್ದರ ಗುಳ್ಳಿ ಏಳತಾವ. ಆಮ್ಯಾಲ ನೀ ಪೆಡಲ್ ಒತ್ತಿದ್ರ ಗುಳ್ಳಿ ಅಷ್ಟ ಕುಗ್ಗತಾವ, ಬ್ರೇಕ್ ಹಿಡಿಯಂಗಿಲ್ಲ. ಪ್ಯಾಡೂ ಗಟ್ಟಿ ಜಾತೀವು ಹಾಕೇನಿ. ಮುಂದಿಂದ ಗಾಳಿ ಹೋಗಾಕ ಪೈಪ್ ಬಿಟ್ಟೇನಿ. ಇದೆಲ್ಲಾ ನನ್ನ ಕೆಲಸ ಆತು. ಇನ್ನ ನಿಂದು." ತಮ್ಮನ ಮೊಣಕಾಲಿಗೆ ಬಡಿದು ಹೇಳಿದ. "ಬ್ರೇಕ್ ಮ್ಯಾಲ ಕಾಲಿಟ್ಕೊಂಡು ಕುಂಡ್ರಬ್ಯಾಡ. ಜೋರ್ ಒತ್ತು, ಲಗೂ ಬಿಡು. ಮೂರು ಸುತ್ತು ಜೋರ್ ಹೊಡದ್ರ ಒಂದು ಸುತ್ತು ಸಾವಕಾಶ ಹೊಡಿ, ಗಾಲಿಗೆ ಗಾಳಿ ತಿನ್ನಸು. ಆಮ್ಯಾಲ ನಿಂದ್ರಸು. ನಿಂದ್ರಿಸಿದ ಮ್ಯಾಲ ಹ್ಯಾಂಡ್‌ಬ್ರೇಕ್ ಮಾತ್ರ ಎಳೀಬ್ಯಾಡ."

ನನಗೆ ಸಿಟ್ಟು ಬಂತು. "ಹ್ಯಾಂಡ್‌ಬ್ರೇಕ್ ಎಳೀದಂಗ ಗಾಡಿ ನಿಂದ್ರಸೂದಾ ಚಾಚಾ? ನೀವ ಹಿಂಗ ಹೇಳಿದ್ರ ಹೆಂಗ?"

"ಬೇಟಿ, ನೀ ರೊಟ್ಟಿ ಬಡೀತಿ ಹೌದಲ್ಲೋ? ಒಲಿ ಆರಿಸಿದ ಕೂಡ್ಲೆ ಹಂಚು ಆರತೈತೇನ? ಅದರ ಮ್ಯಾಲ ರೊಟ್ಟಿ ಮರ್ತು ಬಿಟ್ರ?"

"ಕರಕ ಆಗತೈತಿ."

"ಇದೂ ಹಂಗ. ಓಡೂ ಮುಂದ ಗಾಳಿ ಇರತೈತಿ, ನಿಂತ ಮ್ಯಾಲ ಕಾವು ಎಲ್ಲಿ ಹೋಗಬೇಕು? ಹ್ಯಾಂಡ್‌ಬ್ರೇಕ್ ಎಳದ್ರ ಪ್ಯಾಡ್ ಹೋಗಿ ಆ ಕಾದ ಡಿಸ್ಕಿಗೆ ಕಚಗೊಂಡು ಕುಂಡರತೈತಿ. ಕಾವೆಲ್ಲಾ ಆಯಿಲಿಗೆ ಏರತೈತಿ. ಗೇರಿನ್ಯಾಗ ಬಿಡ್ರಿ, ಗಾಲಿಗೆ ನಿಮ್ಮಪ್ಪನ ಕಲ್ಲು ಕೊಡ್ರಿ. ಅಷ್ಟ ಸಾಕು."

ತಲೆಯಾಡಿಸಿದೆ. ರೊಟ್ಟಿಯ ಮಾತು ಚೆನ್ನಾಗಿಯೇ ಅರ್ಥವಾಗಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಭಾನುವಾರ ಬೆಳಿಗ್ಗೆ ತಮ್ಮ ಕಪ್ಪೆ ಗಾಡಿಯಲ್ಲಿ, ನಾನು ಹಿಂದೆ ನನ್ನ ಕಾರಿನಲ್ಲಿ ಹೋದೆವು. ನೋಡಲು ಬಂದವರ ಕಾರುಗಳನ್ನು ಗೇಟಿನ ಹೊರಗೆ ನಿಲ್ಲಿಸಬೇಕಿತ್ತು. ನಾನು ಡಿಕ್ಕಿ ತೆಗೆದು ಕಲ್ಲು ಎತ್ತಿಕೊಂಡು ನಡೆದೆ. ಗೇಟಿನವನು ನನ್ನನ್ನೂ ಕಲ್ಲನ್ನೂ ನೋಡಿದ.

"ಯಾರ ಜೋಡಿ ಜಗಳಕ್ಕ ಬಂದೀರಿ ಮೇಡಮ್ಮಾರ?"

"ಗಾಲಿಗೆ ಕೊಡಾಕ."

"ಒಳಗ ಕಲ್ಲು ಬಿಡಂಗಿಲ್ರಿ. ಟ್ರ್ಯಾಕಿನ ಮ್ಯಾಲ ಒಂದು ಹರಳು ಬಿದ್ರೂ ಕಾರು ಪಲ್ಟಿ ಹೊಡೀತಾವ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕಲ್ಲನ್ನು ಮತ್ತೆ ಡಿಕ್ಕಿಯಲ್ಲಿಟ್ಟು ಬಂದೆ. ಬರಿಗೈಯಲ್ಲಿ ಒಳಗೆ ಹೋದೆ.

ಟ್ರ್ಯಾಕ್ ಎಂದರೆ ಗುಡ್ಡದ ಮೈಗೆ ಸುತ್ತಿಟ್ಟ ಡಾಂಬರು. ಮೇಲಿನಿಂದ ಒಂದು ನೇರ ಇಳಿಜಾರು, ಅದರ ಕೊನೆಗೆ ಎಡಕ್ಕೆ ಪೂರಾ ಮಡಚಿದ ತಿರುವು. ತಿರುಗಲಾಗದೆ ನೇರ ನುಗ್ಗಿದವರಿಗೆಂದು ಅಲ್ಲಿ ಮರಮ್ಮು ಹರಡಿದ್ದರು. ಅದರಾಚೆ ಹಳೇ ಟೈರುಗಳ ಗೋಡೆ. ಸವದತ್ತಿ ಗುಡ್ಡದಲ್ಲಿ ಹಾಗಾಗಿ ಮೂವತ್ತೈದು ವರ್ಷವಾದ ಮೇಲೆ ಅದೇ ಇಳಿಜಾರು, ಅದೇ ಕೆಂಪು ಮರಮ್ಮು. ಇಷ್ಟು ದೊಡ್ಡ ಜಗತ್ತಿನಲ್ಲಿ ಇವನಿಗೆ ಇದೇ ಬೇಕಿತ್ತೇ ಎಂದು ತಮ್ಮನನ್ನು ಮನಸ್ಸಿನಲ್ಲೇ ಬೈದೆ.

ಅವನು ಮೊದಲ ಸಲ ಓಡಿಸುವಾಗ ನಾನು ಟ್ರ್ಯಾಕಿನ ಬದಿಯ ಕಟ್ಟೆಯ ಹತ್ತಿರ ನಿಂತಿದ್ದೆ. ಕಾರು ಇಳಿಜಾರಿಗೆ ಬಂದ ಪ್ರತಿ ಸಲ ಕಣ್ಣು ಮುಚ್ಚುತ್ತಿದ್ದೆ. ಇಂಜಿನ್ನಿನ ಸದ್ದು ಏರುತ್ತ ಏರುತ್ತ ಬಂದು, ಥಟ್ಟನೆ ಇಳಿದು, ತಿರುವು ದಾಟಿ ದೂರವಾದ ಮೇಲೆ ತೆರೆಯುತ್ತಿದ್ದೆ. ಮೂರು ಸುತ್ತು ಹೀಗೆ ಸತ್ತು ಬದುಕಿದೆ. ನಾಲ್ಕನೆಯದು ನಿಧಾನದ ಸುತ್ತು. ಅದು ಅರ್ಧ ಆಗುವಷ್ಟರಲ್ಲಿ ಬೇರೆ ಯಾರದೋ ಕಾರು ದಾರಿಯಲ್ಲಿ ನಿಂತುಬಿಟ್ಟಿತು. ಬದಿಯಲ್ಲಿ ಬಾವುಟ ಹಿಡಿದು ನಿಂತವರು ಎಲ್ಲರನ್ನೂ ಒಳದಾರಿಯಿಂದ ಹೊರಗೆ ಕರೆದರು. ಗಾಲಿಗೆ ತಿನ್ನಿಸಬೇಕಾದ ಗಾಳಿ ಅರ್ಧವೇ ಆಯಿತು.

ತಮ್ಮ ತಗಡಿನ ಚಪ್ಪರದ ಕೆಳಗೆ ಕಾರು ತಂದು ಗೇರಿನಲ್ಲಿ ಬಿಟ್ಟು ಇಳಿದ. ಬೆವರಿನಲ್ಲಿ ತೊಯ್ದಿದ್ದ, ಮುಖದ ತುಂಬ ನಗು. "ಅಕ್ಕಾ, ಮಾರಿ ತೊಳಕೊಂಡು ನೀರು ಕುಡದು ಬರತೇನಿ. ನಿಂತು ನಿಂತು ಸಾಕಾಗೇತಿ ನಿನಗ, ಒಳಗ ಕುಂಡ್ರು. ಏನೂ ಮುಟ್ಟಬ್ಯಾಡ ಮತ್ತ."

ನಾನು ನನ್ನ ಜಾಗದಲ್ಲಿ ಕೂತೆ, ಎಡಗಡೆ. ಕಾರಿನ ಕೆಳಗೆ ಎಲ್ಲೋ ಕಾದ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು. ಚಪ್ಪರದ ನೆಲವೂ ಸ್ವಲ್ಪ ಮುಂದಕ್ಕೆ ಇಳಿದಿತ್ತು. ನಮ್ಮ ಮೂತಿಯ ಎದುರಿಗೇ ಒಬ್ಬ ಮನುಷ್ಯ ಕುಕ್ಕರುಗಾಲಿನಲ್ಲಿ ಕೂತು ತನ್ನ ಕಾರಿನ ಟೈರು ನೋಡುತ್ತಿದ್ದ. ಆಗ ನಮ್ಮ ಕಾರು ಅಲುಗಿತು. ಒಂದು ಬೆರಳಿನಷ್ಟು ಮುಂದೆ ಹೋಗಿ ನಿಂತಿತು. ಗೇರಿನಲ್ಲಿರುವ ಗಾಡಿ ಹಾಗೆ ಒಂದು ಬೆರಳು ಜರುಗಿ ನಿಲ್ಲುತ್ತದೆ ಎಂಬುದನ್ನು ನಾನೇ ನೂರಾರು ಜನರಿಗೆ ಹೇಳಿದ್ದೇನೆ. ಆ ಕ್ಷಣ ಅದು ನೆನಪಿಗೆ ಬರಲಿಲ್ಲ. ಎದುರಿಗೆ ಆ ಮನುಷ್ಯನ ಬೆನ್ನು ಕಂಡಿತು, ಅಪ್ಪನ ಚಪ್ಪಲಿ ತಗಡಿಗೆ ತಾಗಿದ್ದು ಕಂಡಿತು. ಬಲಗೈ ಎಳೆದುಬಿಟ್ಟಿತು. ಪೂರಾ, ಕೊನೆಯ ಹಲ್ಲಿನವರೆಗೂ.

ಆಮೇಲೆ ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಹೇಳಲು ನಾಚಿಕೆಯಾಗುತ್ತದೆ. ಬೆಳಗಿನಿಂದ ಮೊದಲ ಸಲ ಉಸಿರು ನೆಟ್ಟಗೆ ಬಂತು. ಅಲ್ಲೇ ಒರಗಿ ಕಣ್ಣು ಮುಚ್ಚಿದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಅಲ್ಲಿ ಸುಡುತ್ತಲೇ ಇತ್ತು, ನಾನು ಹತ್ತು ನಿಮಿಷ ಆರಾಮಾಗಿ ಕೂತಿದ್ದೆ.

ಯಾರೋ ಬಾಗಿಲು ಬಡಿದರು. ಪಕ್ಕದ ಕಾರಿನವನು, ಹುಬ್ಬಳ್ಳಿಯ ಕಡೆಯವನಂತೆ. "ಅಕ್ಕಾರ, ಹ್ಯಾಂಡ್‌ಬ್ರೇಕ್ ಬಿಡ್ರಿ ಮೊದಲ! ಹಿಂದಿನ ಗಾಲಿ ಹೊಗಿ ಆಡಾಕತ್ತಾವ!" ಬೆಚ್ಚಿಬಿದ್ದು ಬಿಟ್ಟೆ. ಇಳಿದು ನೋಡಿದರೆ ಹಿಂದಿನ ಎರಡೂ ಗಾಲಿಯಿಂದ ತೆಳ್ಳಗೆ ಹೊಗೆ, ಬಟ್ಟೆ ಸುಟ್ಟಂಥ ವಾಸನೆ. ಗುಡ್ಡದ ಜೀಪಿನಲ್ಲಿ ಬಂದ ಅದೇ ವಾಸನೆ. "ಆಯಿಲ್ ಕುದ್ದರೂ ಕುದ್ದಿರತೈತ್ರಿ. ಅವರು ಬಂದ ಮ್ಯಾಲ ಹೇಳ್ರಿ, ಚೆಕ್ ಮಾಡದ ಹೋಗಬ್ಯಾಡ ಅನ್ರಿ" ಎಂದವನು, ತನ್ನ ಸರದಿ ಬಂತೆಂದು ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ. ಗೊತ್ತಿರುವವಳು ಈಗ ನಾನೊಬ್ಬಳೇ.

ತಮ್ಮ ಬರುವ ಹೊತ್ತಿಗೆ ಹೊಗೆ ನಿಂತಿತ್ತು. ಅವನು ಮೂಗು ಅರಳಿಸಿದ.

"ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲ. ಯಾರರ ಹ್ಯಾಂಡ್‌ಬ್ರೇಕ್ ಎಳದಿದ್ರೇನ?"

"ಇಲ್ಲಪಾ. ಯಾರ ಎಳೀತಾರ?"

ಹೇಳುವಾಗ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ. ಅವನು ಗಮನಿಸಲಿಲ್ಲ. ಕೂತು ಪೆಡಲ್ ಒತ್ತಿದ. "ಚೂರು ಒಳಗ ಹೋದಂಗ ಆಗತೈತಿ" ಎಂದು ಇನ್ನೆರಡು ಸಲ ಒತ್ತಿದ. "ಬಂತು ಬಂತು. ಹೊಸಾ ಪ್ಯಾಡ್, ಇನ್ನೂ ಕುಂಡ್ರಬೇಕು."

ಹೇಳಬೇಕಿತ್ತು. ಬಾಯಿ ತೆರೆದು ನಾಲ್ಕು ಶಬ್ದ ಹೇಳಿದ್ದರೆ ಮುಗಿಯುತ್ತಿತ್ತು. ಅವನು ಒಂದಿಷ್ಟು ಸಿಡಿಮಿಡಿಗೊಂಡು, ಚಾಚಾನಿಗೆ ಫೋನು ಮಾಡಿ, ಸಂಜೆ ಮನೆಗೆ ಹೋಗುತ್ತಿದ್ದ. ಆದರೆ ಚಾಚಾ ನನಗೇ ತಿಳಿಸಿ ಹೇಳಿದ್ದ, ರೊಟ್ಟಿ ಹಂಚಿನ ಸಮೇತ. ತಮ್ಮ ಮುಟ್ಟಬೇಡ ಎಂದಿದ್ದ. ಬೈಲಹೊಂಗಲದಲ್ಲಿ ಗಾಡಿ ನಿಲ್ಲಿಸುವುದನ್ನು ಕಲಿಸುವವಳು ನಾನು. ನಿಂತ ಗಾಡಿಯನ್ನೇ ಕೆಡಿಸಿದೆ ಎಂದು ಯಾವ ಬಾಯಿಂದ ಹೇಳಲಿ? ಹೇಳುವ ಬದಲು ನಾನು ಹೇಳಿದ್ದು ಇದು:

"ತಮ್ಮಾ, ಈ ಸಲ ನಾನೂ ಬರತೇನಿ."

ಅವನಿಗೆ ನಂಬಲಾಗಲಿಲ್ಲ. "ಅಕ್ಕಾ! ನೀನಾ?" ಎಂದು ಚಪ್ಪರದವರಿಗೆಲ್ಲ ಕೇಳುವಂತೆ ಕೂಗಿದ. ಓಡಿಹೋಗಿ ಯಾರಿಂದಲೋ ಹೆಲ್ಮೆಟ್ ಕೇಳಿ ತಂದ. ನನ್ನ ಸೆರಗು ಒಳಗೆ ಸೇರಿಸಿ, ಬೆಲ್ಟ್ ಬಿಗಿದು, ಗದ್ದದ ಕೆಳಗಿನ ಪಟ್ಟಿಯನ್ನು ತಾನೇ ಹಾಕಿದ. ಅವನ ಮುಖ ನನ್ನ ಮುಖಕ್ಕೆ ಅಷ್ಟು ಹತ್ತಿರ ಬಂದಾಗ ಹುಬ್ಬಿನ ಮೇಲಿನ ಗೆರೆ ಕಾಣಿಸಿತು. ಆಗಲೂ ಹೇಳಲಿಲ್ಲ. ಏನಾದರೂ ಆದರೆ ನಾನೂ ಜೊತೆಗಿರುತ್ತೇನೆ ಎಂದುಕೊಂಡೆ. ಎಂಥ ದಡ್ಡ ಸಮಾಧಾನ! ನನ್ನ ತಪ್ಪಿಗೆ ಇಬ್ಬರು ಸತ್ತರೆ ಒಬ್ಬ ಸತ್ತದ್ದಕ್ಕಿಂತ ಅದು ಹೇಗೆ ಕಡಿಮೆಯಾಗುತ್ತದೆ?

ಮೊದಲ ಸುತ್ತು ಅವನು ನನಗೋಸ್ಕರ ನಿಧಾನವಾಗಿಯೇ ಹೊಡೆದ. ಪಾಠ ಹೇಳುವ ನನ್ನ ಕಾರಿನಲ್ಲಿ ಎಡಗಡೆಗೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಇಲ್ಲಿ ಇರಲಿಲ್ಲ. ಆದರೂ ನನ್ನ ಕಾಲು ಖಾಲಿ ನೆಲವನ್ನು ಒತ್ತುತ್ತಲೇ ಇತ್ತು. ಅವನು ಎರಡು ಕಡೆ ಪೆಡಲನ್ನು ಎರಡೆರಡು ಸಲ ಒತ್ತಿದ್ದನ್ನು ನೋಡಿದೆ. ಎರಡನೇ ಸುತ್ತಿಗೆ "ಗಟ್ಟಿ ಹಿಡ್ಕೊ ಅಕ್ಕಾ" ಎಂದು ಜೋರು ಮಾಡಿದ. ಏರು ಹತ್ತಿ, ಮೇಲಿನ ಎರಡು ತಿರುವುಗಳಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿ ಬಿಟ್ಟು, ಇಳಿಜಾರಿಗೆ ತಿರುಗಿಸಿದ.

ಕೆಳಗೆ ಕೆಂಪು ಮರಮ್ಮು ಕಾಣಿಸಿತು. ಆ ಕ್ಷಣ ನನಗೆ ಬಂದದ್ದು ಸಾಯುವ ಹೆದರಿಕೆಯಲ್ಲ. ಹೇಳದೆಯೇ ಸಾಯುತ್ತೇನೆ ಎಂಬ ಹೆದರಿಕೆ. ಇವನು ಕೊನೆಯವರೆಗೂ ಚಾಚಾನ ಕೆಲಸದ ತಪ್ಪು ಎಂದುಕೊಂಡು ಹೋಗುತ್ತಾನೆ ಎಂಬ ಹೆದರಿಕೆ. ಅದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

"ತಮ್ಮಾ, ಹ್ಯಾಂಡ್‌ಬ್ರೇಕ್ ನಾ ಎಳದಿದ್ದೆ! ಹತ್ತು ನಿಮಿಷ ಎಳದಿದ್ದೆ!"

ಜೀವ ಬಿಟ್ಟು ಚೀರಿದೆ. ಅವನಿಗೆ ಕೇಳಿತು. ನನ್ನ ಕಡೆ ತಿರುಗಲಿಲ್ಲ. ಆದರೆ ಎಕ್ಸಲರೇಟರ್ ಮೇಲಿನ ಕಾಲು ಆ ಕ್ಷಣವೇ ಎದ್ದಿತು. ಇನ್ನೂ ಇಳಿಜಾರಿನ ನಡುವೆಯೇ ಇದ್ದೆವು, ಬ್ರೇಕ್ ಒತ್ತುವ ಜಾಗ ಬಂದಿರಲಿಲ್ಲ. ಅವನು ಅಲ್ಲೇ ಒತ್ತಿ ನೋಡಿದ. ಪೆಡಲ್ ಹೋಯಿತು, ಹೋಯಿತು, ನೆಲಕ್ಕೆ ತಾಗಿತು. ಜೀವಮಾನದಲ್ಲಿ ಎರಡನೇ ಸಲ ನಾನು ಅದನ್ನು ನೋಡಿದೆ. ಆಗ ಅಪ್ಪನ ಚಪ್ಪಲಿ, ಈಗ ಇವನ ಬೂಟು.

ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಗೇರು ಒಂದೊಂದಾಗಿ ಇಳಿಸಿದ. ಇಂಜಿನ್ ಹರಿದುಹೋಗುವಂತೆ ಅರಚಿತು, ಕಾರು ಮುಗ್ಗರಿಸಿತು. ನನ್ನ ಬಲಗೈ ಆಗಲೇ ಹ್ಯಾಂಡ್‌ಬ್ರೇಕಿನ ಮೇಲೆ ಇತ್ತು. ಆ ಓಟದಲ್ಲಿ ಅದನ್ನು ಎಳೆದಿದ್ದರೆ ಹಿಂದಿನ ಗಾಲಿ ಬಿಗಿದು ಕಾರು ಗಿರಕಿ ಹೊಡೆದು ಉರುಳುತ್ತಿತ್ತು. "ಕೈ ತಗಿ ಅಕ್ಕಾ! ಕೈ ತಗಿ!" ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು, ಕಿತ್ತು, ಹೊಟ್ಟೆಗೆ ಒತ್ತಿಕೊಂಡೆ. ನನ್ನ ಕೈಯನ್ನು ನಾನೇ ಹಿಡಿಯಬೇಕಾಯಿತು. ಅವನು ತಿರುಗಿಸಲು ಹೋಗದೆ ನೇರ ಮರಮ್ಮಿಗೆ ಬಿಟ್ಟ. ಕಾರಿನ ಹೊಟ್ಟೆಗೆ ಕಲ್ಲು ಬಡಿಯುವ ಸದ್ದು, ಗಾಜಿನ ತುಂಬ ಕೆಂಪು ಧೂಳು. ನಿಂತೆವು.

ಧೂಳು ಇಳಿದಾಗ ಟೈರಿನ ಗೋಡೆ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಹತ್ತಿರದ ಟೈರಿನೊಳಗೆ ಹಳೇ ಮಳೆನೀರು ನಿಂತಿದ್ದೂ, ಅದರಲ್ಲಿ ಒಂದು ಎಲೆ ತೇಲುತ್ತಿದ್ದುದೂ ಕಾಣುತ್ತಿತ್ತು. ಇಳಿಜಾರಿನ ಕೊನೆಯವರೆಗೂ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಯಾರೂ ನನಗೆ ಹೇಳಬೇಕಾಗಿಲ್ಲ. ಚಪ್ಪರದಲ್ಲೇ ಬಾಯಿ ತೆರೆದಿದ್ದರೆ ಏನೂ ಆಗುತ್ತಿರಲಿಲ್ಲ ಎಂದೂ ಹೇಳಬೇಕಾಗಿಲ್ಲ.

ಇಬ್ಬರೂ ಇಳಿದೆವು. ತಮ್ಮ ಹೆಲ್ಮೆಟ್ ತೆಗೆದು ಕಾರಿನ ಮೇಲಿಟ್ಟ. ನನ್ನನ್ನು ನೋಡಲಿಲ್ಲ. ಬಾವುಟದವರು ಓಡಿ ಬರುತ್ತಿದ್ದರು, ಅವರಿಗೆ ಏನೂ ಆಗಿಲ್ಲವೆಂದು ಕೈ ಮಾಡಿದ. ಆಮೇಲೆ ಚಾಚಾನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದ. ಚಾಚಾನ ದನಿ ನನಗೂ ಕೇಳುವಷ್ಟು ಜೋರಿತ್ತು.

"ನಾ ಹಾಕಿದ ಆಯಿಲ್ ಹಂಗ ಕುದಿಯೂದಲ್ಲ. ಹ್ಯಾಂಡ್‌ಬ್ರೇಕ್ ಎಳದ್ರೇನ? ಯಾರು ಎಳದವರು?"

ತಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ನಾನ ಚಾಚಾ. ಮರ್ತು ಎಳದೆ."

ಬೈಗುಳ ಶುರುವಾಯಿತು. ಕಿವಿಯಾ ಇಲ್ಲ ತೂತಾ, ಮನ್ಯಾಗ ಸಣ್ಣ ಕೂಸು ಐತಿ ಅನ್ನೂ ಖಬರ್ ಐತೇನ ನಿನಗ, ನಿಮ್ಮಪ್ಪ ಇದ್ದಿದ್ರ ಚಪ್ಪಲಿ ತೊಗೊಂಡು ಹೊಡೀತಿದ್ದ ಎಂದು ಚಾಚಾ ಒಂದೇ ಉಸಿರಿನಲ್ಲಿ ಬೈಯುತ್ತಿದ್ದ. ತಮ್ಮ ತಲೆ ತಗ್ಗಿಸಿ ಹೂಂ ಚಾಚಾ, ಹೂಂ ಚಾಚಾ ಎನ್ನುತ್ತಿದ್ದ. ನನ್ನಿಂದ ಸಾಯಬೇಕಾಗಿದ್ದವನು ನನ್ನ ಪಾಲಿನ ಬೈಗುಳವನ್ನೂ ತಿನ್ನುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಅವನ ಕೈಯಿಂದ ಫೋನು ಕಿತ್ತುಕೊಂಡೆ.

"ಚಾಚಾ, ಅಂವ ಅಲ್ಲ. ನಾನು. ನಾನ ಎಳದೆ, ಎಳದಿಲ್ಲಂತ ಸುಳ್ಳೂ ಹೇಳಿದೆ."

ಆಮೇಲೆ ಚಾಚಾನ ಬೇರೆಯದೇ ದನಿ ಬಂತು. "ಗೊತ್ತಾತು ಬೇಟಿ. ಅಂವ ಎಲ್ಲಿ ಹ್ಯಾಂಡ್‌ಬ್ರೇಕ್ ಎಳಿಯೂ ಮನಶ್ಯಾ? ನಿಮ್ಮಪ್ಪನ ಕೈ ಅದು. ಗಾಡಿ ಹಂಗ ನಿಂದ್ರಲಿ, ಯಾರೂ ಮುಟ್ಟಬ್ಯಾಡ್ರಿ. ನಾ ಬರತೇನಿ."

ಫೋನು ವಾಪಸು ಕೊಟ್ಟೆ. ತಮ್ಮ ಆಗ ನನ್ನ ಕಡೆ ನೋಡಿದ. ಮುಖದಲ್ಲಿ ರಕ್ತವೇ ಇರಲಿಲ್ಲ, ಆ ಗೆರೆಯೊಂದೇ ಎದ್ದು ಕಾಣುತ್ತಿತ್ತು.

"ಅಕ್ಕಾ, ಹೋಗಿ ಕಲ್ಲು ತೊಗೊಂಡ ಬಾ."

ಕಾರು ಅರ್ಧ ಗಾಲಿಯವರೆಗೆ ಮರಮ್ಮಿನಲ್ಲಿ ಹೂತಿತ್ತು. ಕ್ರೇನ್ ತಂದರೂ ಲಗೂನೆ ಏಳುವಂತಿರಲಿಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಓಡಿದೆ. ನಲವತ್ತೈದರ ಹೆಂಗಸು ಸೀರೆ ಎತ್ತಿಕಟ್ಟಿಕೊಂಡು ಟ್ರ್ಯಾಕಿನ ಅಂಚಿನಲ್ಲಿ ಓಡುವುದನ್ನು ಎಲ್ಲರೂ ನೋಡಿದರು. ಡಿಕ್ಕಿಯಿಂದ ಕಲ್ಲು ಎತ್ತಿಕೊಂಡು ಬಂದಾಗ ಗೇಟಿನವನು ಈ ಸಲ ಏನೂ ಕೇಳದೆ ದಾರಿ ಬಿಟ್ಟ.

ತಮ್ಮ ನನ್ನ ಕೈಯಿಂದ ಕಲ್ಲು ಇಸಿದುಕೊಂಡು ತಾನೇ ಬಗ್ಗಿ ಗಾಲಿಗೆ ಕೊಟ್ಟ. ಎರಡು ಸಲ ಒದ್ದು ಗಟ್ಟಿ ಮಾಡಿದ. ಆಮೇಲೆ ಅಲ್ಲೇ ಮರಮ್ಮಿನ ಮೇಲೆ ಕೂತು ಅಳತೊಡಗಿದ. ಅಪ್ಪ ಹಾಗೆ ಕೂತದ್ದು ಅವನಿಗೆ ನೆನಪಿರಲು ಸಾಧ್ಯವಿಲ್ಲ. ಆಗ ಅವನು ರಕ್ತ ಒಸರುವ ಹುಬ್ಬು ಇಟ್ಟುಕೊಂಡು ನನ್ನ ಸೊಂಟದ ಮೇಲೆ ಚೀರುತ್ತಿದ್ದ, ಮೂರು ವರ್ಷದವನು. ನಾನು ಪಕ್ಕದಲ್ಲಿ ಕೂತೆ. ಅವನು ನನ್ನ ಬಲಗೈಯನ್ನು ತೆಗೆದುಕೊಂಡು ತನ್ನ ಎರಡೂ ಕೈಯಲ್ಲಿ ಹಿಡಿದ. ಚಾಚಾ ಬಂದು ಇಳಿಯುವವರೆಗೂ ಅದನ್ನು ಬಿಡಲಿಲ್ಲ.